ಆಪತ್ತು ಬರುವ ಮೊದಲೇ ಆಸ್ಪತ್ರೆಗೆ ಕೇಳಬೇಕಾದ ಪ್ರಶ್ನೆಗಳು

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ 2016ರ ಮೇ 26ರಂದು ಪ್ರೋಬೇಸ್ ಎಂಟರ್‌ಪ್ರೈಸಸ್ ಸ್ಫೋಟಿಸಿ 12 ಮಂದಿ ಸತ್ತರು, 150ಕ್ಕೂ ಹೆಚ್ಚು ಜನ ಗಾಯಗೊಂಡರು. ಅದಕ್ಕೆ ಎಂಟು ವರ್ಷ ತುಂಬಲು ಮೂರೇ ದಿನ ಬಾಕಿ ಇದ್ದಾಗ, 2024ರ ಮೇ 23ರ ಮಧ್ಯಾಹ್ನ, ಅದೇ ಹಂತದಲ್ಲಿ ಅಮುದಾನ್ ಕೆಮಿಕಲ್ಸ್ ಸಿಡಿಯಿತು. ಗಾಯಾಳುಗಳಲ್ಲಿ ಎಷ್ಟೋ ಮಂದಿಗೆ ಆ ಕಾರ್ಖಾನೆಗಳ ಹೆಸರೂ ಗೊತ್ತಿರಲಿಲ್ಲ. ಪಕ್ಕದ ಘಟಕಗಳಲ್ಲಿ ದುಡಿಯುತ್ತಿದ್ದವರು, ರಸ್ತೆಯಲ್ಲಿ ಹೋಗುತ್ತಿದ್ದವರು, ಕಿಟಕಿಯ ಗಾಜು ಒಡೆದು ಮೈಗೆ ಚುಚ್ಚಿಸಿಕೊಂಡವರು ಅವರಲ್ಲಿದ್ದರು.

2014ರಲ್ಲಿ ಹಸಿರು ಮಳೆ ಕಂಡ, 2020ರಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ ರಸ್ತೆ ಕಂಡ ಊರಿನವರಿಗೆ ರಾಸಾಯನಿಕದ ನೆರೆಹೊರೆ ಹೊಸದಲ್ಲ. ಆದರೂ ಇಲ್ಲಿ ಮನೆ ಕೊಳ್ಳುವವರು ನೀರು ಎಷ್ಟು ಹೊತ್ತು ಬರುತ್ತದೆ, ಸ್ಟೇಷನ್ನಿಗೆ ರಿಕ್ಷಾ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಸ್ಫೋಟವಾದ ದಿನ, ನೆರೆ ಬಂದ ದಿನ, ಹತ್ತಿರದ ಆಸ್ಪತ್ರೆ ಏನು ಮಾಡುತ್ತದೆ ಎಂದು ವಿಚಾರಿಸಿದವರನ್ನು ನಾನಂತೂ ಕಂಡಿಲ್ಲ.

ಠಾಣೆಯಿಂದ ಕಲ್ಯಾಣದವರೆಗಿನ ಈ ಪಟ್ಟಿಯಲ್ಲಿ ಆಪತ್ತಿಗೆ ಬರ ಇಲ್ಲ. ಒಂದು ಬದಿಗೆ ಎಂಐಡಿಸಿ, ಇನ್ನೊಂದು ಬದಿಗೆ ಠಾಣೆ-ಬೇಲಾಪುರ ಕೈಗಾರಿಕಾ ಪ್ರದೇಶ. ಮಳೆಗಾಲಕ್ಕೆ ಉಲ್ಹಾಸ್ ಮತ್ತು ವಾಲ್ಧುನಿ ನದಿಗಳು. ದಿನವೂ ಬಾಗಿಲಲ್ಲಿ ಜೋತಾಡುವ ಜನರನ್ನು ಹೊತ್ತ ಲೋಕಲ್; 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ತಿರುವಿನಲ್ಲಿ ಎದುರುಬದುರಾದ ಎರಡು ಗಾಡಿಗಳಿಂದ ಜನ ಉದುರಿ ನಾಲ್ವರು ಅಂದೇ ಸತ್ತದ್ದು ಇನ್ನೂ ಹಸಿ ನೆನಪು. ಒಮ್ಮೊಮ್ಮೆ ಆಸ್ಪತ್ರೆಯೇ ಆಪತ್ತಾಗುತ್ತದೆ. 2021ರ ಏಪ್ರಿಲ್ 28ರ ಬೆಳಗಿನ ಜಾವ ಮುಂಬ್ರಾದ ಪ್ರೈಮ್ ಕ್ರಿಟಿಕೇರ್ ಆಸ್ಪತ್ರೆಗೆ ಬೆಂಕಿ ಬಿದ್ದು, ರೋಗಿಗಳನ್ನು ಬೇರೆಡೆಗೆ ಸಾಗಿಸುವ ಗಡಿಬಿಡಿಯಲ್ಲಿ ನಾಲ್ವರು ತೀರಿಕೊಂಡರು. ಅದಕ್ಕೆ ಐದು ದಿನ ಮೊದಲು ವಿರಾರ್‌ನ ವಿಜಯ್ ವಲ್ಲಭ್ ಆಸ್ಪತ್ರೆಯ ಐಸಿಯುಗೆ ಬೆಂಕಿ ತಗುಲಿತ್ತು.

ಇಂಥ ದಿನಗಳಲ್ಲಿ ವೈದ್ಯರ ಒಳ್ಳೆಯತನವೊಂದನ್ನೇ ನಂಬಿ ಕೂರಲಾಗದು. ಯಾರನ್ನು ಮೊದಲು ನೋಡಬೇಕು, ಯಾರನ್ನು ಕಾಯಿಸಬೇಕು, ಇರುವ ಒಂದು ವೆಂಟಿಲೇಟರ್ ಯಾರಿಗೆ ಎಂಬುದನ್ನೆಲ್ಲ ಬೆಂಕಿ ಹೊತ್ತಿದ ಮೇಲೆ ಕುಳಿತು ಚರ್ಚಿಸಲು ಬಿಡುವಿರುವುದಿಲ್ಲ. ಏನೂ ಆಗದ ಒಂದು ಮಂಗಳವಾರ ಮಧ್ಯಾಹ್ನ ಬರೆದಿಟ್ಟದ್ದೇ ಅಂದು ಕೆಲಸಕ್ಕೆ ಬರುತ್ತದೆ. ಬರೆದಿಡದಿದ್ದರೆ ದನಿ ದೊಡ್ಡದಿದ್ದವರ ಪಾಲಿಗೆ ಹಾಸಿಗೆ.

ಕೆಂಪು, ಹಳದಿ, ಹಸಿರು, ಕಪ್ಪು

ಸಾಮಾನ್ಯ ದಿನ ಕ್ಯಾಷುವಾಲ್ಟಿಯಲ್ಲಿ ಅತಿ ಗಂಭೀರವಾಗಿರುವವರನ್ನು ಮೊದಲು ನೋಡುತ್ತಾರೆ. ಐವತ್ತು-ಅರವತ್ತು ಜನ ಒಟ್ಟಿಗೆ ಬಂದ ದಿನ ಲೆಕ್ಕ ಬದಲಾಗುತ್ತದೆ. ಈಗ ಕೈಹಾಕಿದರೆ ಉಳಿಯುವವರು, ಈಗ ಬಿಟ್ಟರೆ ಸಾಯುವವರು ಯಾರೋ ಅವರು ಮೊದಲು. ವೈದ್ಯರು ಇದನ್ನು ಟ್ರಯಾಜ್ ಎನ್ನುತ್ತಾರೆ. ಗಾಯಾಳುವಿನ ಕೈಗೆ ಕಟ್ಟುವ ಪಟ್ಟಿಯ ಬಣ್ಣ ಅದನ್ನು ಹೇಳುತ್ತದೆ. ಕೆಂಪು ಎಂದರೆ ತಕ್ಷಣ. ಹಳದಿ ಎಂದರೆ ಗಾಯ ದೊಡ್ಡದು, ಆದರೆ ಸ್ವಲ್ಪ ಹೊತ್ತು ತಡೆಯಬಲ್ಲರು. ಎದ್ದು ನಡೆಯಬಲ್ಲವರಿಗೆ ಹಸಿರು. ಸತ್ತವರಿಗೆ ಕಪ್ಪು, ಎಷ್ಟೋ ಪದ್ಧತಿಗಳಲ್ಲಿ, ಇರುವ ಸಾಧನದಲ್ಲಿ ಉಳಿಸಲಾಗದವರಿಗೂ ಅದೇ.

ಮನೆಯವರಿಗೆ ಒಪ್ಪಿಕೊಳ್ಳಲು ಬಲು ಕಷ್ಟವಾದದ್ದು ಈ ಕೊನೆಯ ಬಣ್ಣ. ಅಪ್ಪನ ಉಸಿರು ಇನ್ನೂ ಆಡುತ್ತಿದೆ, ವೈದ್ಯರು ದಾಟಿಕೊಂಡು ಪಕ್ಕದವರ ಬಳಿ ಹೋದರು ಎಂದರೆ ಯಾರ ರಕ್ತ ಕುದಿಯುವುದಿಲ್ಲ? ಹಾಗೆ ದಾಟಿ ಹೋಗುವುದು ನಿರ್ದಯೆಯಲ್ಲ ಎಂದು ಆ ಗಳಿಗೆಯಲ್ಲಿ ಯಾರೂ ನಂಬಿಸಲಾರರು. ಮೊದಲೇ ಗೊತ್ತಿದ್ದರೆ ಕಲ್ಲೆತ್ತುವ ಕೈ ತಡೆದೀತು. ಆದರೆ ಗೊತ್ತಿರಬೇಕಾದ ಇನ್ನೂ ಎರಡು ಸಂಗತಿಗಳಿವೆ. ಪಟ್ಟಿ ಒಮ್ಮೆ ಕಟ್ಟಿದರೆ ಮುಗಿಯಲಿಲ್ಲ, ಮತ್ತೆ ಮತ್ತೆ ನೋಡಿ ಬಣ್ಣ ಬದಲಿಸಬೇಕು. ಹಳದಿಯವರು ಸುಸ್ತಾಗಿ ಮಾತು ತೊದಲಿದರೆ "ಇನ್ನೊಮ್ಮೆ ನೋಡಿ" ಎಂದು ಕೇಳುವುದು ನಿಮ್ಮ ಹಕ್ಕು. ಕಪ್ಪು ಪಟ್ಟಿಯವರಿಗೂ ನೋವು ತಗ್ಗಿಸುವ ಮದ್ದು, ಪಕ್ಕದಲ್ಲೊಬ್ಬ ಮನುಷ್ಯ ಇರಲೇಬೇಕು. ಉಳಿಸಲಾಗದು ಎಂದರೆ ಕೈಬಿಡಬಹುದು ಎಂದರ್ಥವಲ್ಲ.

ವಿಂಗಡಣೆಗೆ ಆಧಾರವಾಗಬೇಕಾದದ್ದು ಉಸಿರು, ನಾಡಿ, ಪ್ರಜ್ಞೆ. ಕಾರ್ಪೊರೇಟರ್ ಫೋನು, ವಿಮೆಯ ಕಾರ್ಡು, ಮಾತಾಡುವ ಭಾಷೆ, ರೋಗಿ ಮಾಲೀಕನೋ ಕೂಲಿಯೋ ಎಂಬುದು ಆಧಾರವಾದರೆ ಅದು ಅನ್ಯಾಯ. ಇನ್ನೊಂದು ಮಾತು. ಚಿಕಿತ್ಸೆ ಮಾಡುವ ವೈದ್ಯರೇ ಒಬ್ಬಂಟಿಯಾಗಿ ವೆಂಟಿಲೇಟರ್ ಯಾರಿಗೆ ಎಂದು ನಿರ್ಧರಿಸುವ ಹಾಗಿರಬಾರದು. ಅದಕ್ಕೆ ಬೇರೊಂದು ತಂಡ ಬೇಕು, ನಿರ್ಧಾರ ಕಾಗದದ ಮೇಲೆ ಬರಬೇಕು.

ಹಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮೆಮೋರಿಯಲ್ ಆಸ್ಪತ್ರೆ ಸಾಕ್ಷಿ. ನಮ್ಮಲ್ಲಿ 26 ಜುಲೈ 2005ರ ಮಹಾಮಳೆ ಸುರಿದು ಒಂದು ತಿಂಗಳು ಕಳೆಯುತ್ತಿದ್ದಂತೆ ಅಲ್ಲಿ ಕತ್ರಿನಾ ಚಂಡಮಾರುತ ಬಂತು. ಆಸ್ಪತ್ರೆಯ ಜನರೇಟರ್‌ಗಳು ಕೈಕೊಟ್ಟವು. ಅವುಗಳ ವಿದ್ಯುತ್ ಸಲಕರಣೆಯ ಒಂದಷ್ಟು ಭಾಗ ನೆರೆಯ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಕತ್ತಲೆ, ಸೆಕೆ, ಐದು ದಿನ. ಕೊನೆಗೆ ಅಲ್ಲಿ 45 ಶವಗಳು ಸಿಕ್ಕವು. ಕೆಲವರಿಗೆ ವೈದ್ಯರೇ ಮಾರಕ ಪ್ರಮಾಣದ ಮದ್ದು ಚುಚ್ಚಿದರು ಎಂಬ ಆರೋಪದಲ್ಲಿ ಒಬ್ಬ ವೈದ್ಯೆಯ ಬಂಧನವಾಯಿತು. 2007ರಲ್ಲಿ ಗ್ರ್ಯಾಂಡ್ ಜ್ಯೂರಿ ದೋಷಾರೋಪ ಹೊರಿಸಲು ಒಪ್ಪಲಿಲ್ಲ. ತಪ್ಪು ಯಾರದೆಂಬ ವಾದ ಇಂದಿಗೂ ನಡೆದಿದೆ. ಜನರೇಟರ್‌ಗಳ ಆ ಸಲಕರಣೆಯನ್ನು ಎರಡು ಮಹಡಿ ಮೇಲಿಟ್ಟಿದ್ದರೆ ಆ ವಾದವೇ ಬೇಕಿರಲಿಲ್ಲವೇನೋ.

ನಡೆಯಬಲ್ಲವರು ದೂರದ ಆಸ್ಪತ್ರೆಗೆ

ಆಪತ್ತಿನಲ್ಲಿ ಆಸ್ಪತ್ರೆಗೆ ಮೊದಲು ಬಂದು ಮುಟ್ಟುವವರು ಕಡಿಮೆ ಗಾಯವಾದವರು. ಅವರು ರಿಕ್ಷಾ ಹಿಡಿಯುತ್ತಾರೆ, ಬೈಕ್ ಹತ್ತುತ್ತಾರೆ, ಹತ್ತಿರದ ಬಾಗಿಲಿಗೆ ಬಂದು ತುಂಬುತ್ತಾರೆ. ಅವಶೇಷದಡಿ ಸಿಕ್ಕವರು ಆಂಬುಲೆನ್ಸಿನಲ್ಲಿ ಬರುವಷ್ಟರಲ್ಲಿ ಹಾಸಿಗೆ ಇರುವುದಿಲ್ಲ. ಹಾಗಾಗಿ ಗಾಜು ತಾಗಿ ಕೈ ಹರಿದಿದೆ, ರಕ್ತ ಒತ್ತಿ ಹಿಡಿದರೆ ನಿಲ್ಲುತ್ತದೆ ಎಂದಾದರೆ ಎಂಐಡಿಸಿಗೆ ಅಂಟಿಕೊಂಡ ಆಸ್ಪತ್ರೆಯನ್ನು ಬಿಟ್ಟು ಮುಂದೆ ಹೋಗಿ. ಕಲ್ಯಾಣಕ್ಕೋ ಠಾಣೆಯ ಕಡೆಗೋ. ಇದು ಉಪಕಾರವೂ ಹೌದು, ನಿಮಗೆ ಬೇಗ ಹೊಲಿಗೆ ಬೀಳುವ ದಾರಿಯೂ ಹೌದು.

ಒಂದು ಎಚ್ಚರಿಕೆ: ಮೈಮೇಲೆ ರಾಸಾಯನಿಕ ಬಿದ್ದವರಿಗೆ ಈ ಮಾತು ಸಲ್ಲದು. ಅವರು ಎಲ್ಲಿಗೂ ಹೊರಡುವ ಮೊದಲು ಬಟ್ಟೆ ಬಿಚ್ಚಬೇಕು. ಮೈಮೇಲಿನ ವಿಷದ ಬಹುಪಾಲು ಬಟ್ಟೆಯೊಂದಿಗೇ ಹೋಗುತ್ತದೆ. ಅಂಗಿಯನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆಯಿರಿ. ಪುಡಿ ಬಿದ್ದಿದ್ದರೆ ಮೊದಲು ಒಣಗಿದ್ದಾಗಲೇ ಝಾಡಿಸಿ, ಆಮೇಲೆ ಧಾರಾಳ ನೀರು ಸುರಿಯಿರಿ. ಕಣ್ಣಿಗೆ ಕನಿಷ್ಠ 15 ನಿಮಿಷ ನೀರು. ಬೀದಿಯಲ್ಲಿ ಬಟ್ಟೆ ಬಿಚ್ಚು ಎಂದರೆ ಯಾರು ಬಿಚ್ಚುತ್ತಾರೆ, ಅದರಲ್ಲೂ ಹೆಂಗಸರು? ಆದ್ದರಿಂದ ಎಂಐಡಿಸಿ ಪಕ್ಕದ ಸೊಸೈಟಿಗಳು ವಾಚ್‌ಮನ್ ಕೋಣೆಯಲ್ಲಿ ಹಳೆಯ ಚಾದರ, ನೈಟಿ, ಲುಂಗಿಗಳ ಒಂದು ಗಂಟು ಇಟ್ಟುಕೊಂಡಿರಲಿ. ಖರ್ಚಿಲ್ಲದ ಸಿದ್ಧತೆ. ಆಸ್ಪತ್ರೆಯೂ ಅಷ್ಟೇ, ಬಾಗಿಲ ಹೊರಗೆ ನೀರಿನ ನಲ್ಲಿ, ಪರದೆ ಎರಡನ್ನೂ ಇಟ್ಟಿರಬೇಕು.

ತೊಳೆಯದೆ ಒಳಗೆ ಬಿಟ್ಟರೆ? 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಸಾರಿನ್ ವಿಷ ಹರಡಿದಾಗ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಒಂದೇ ದಿನ 640 ಮಂದಿ ಬಂದರು, ಹೆಚ್ಚಿನವರು ನಡೆದೋ ಟ್ಯಾಕ್ಸಿಯಲ್ಲೋ. ಅವರ ಬಟ್ಟೆಯಿಂದೆದ್ದ ಆವಿಯಿಂದ ಆಸ್ಪತ್ರೆಯ ಸಿಬ್ಬಂದಿಯಲ್ಲೇ ನೂರಕ್ಕೂ ಹೆಚ್ಚು ಜನರಿಗೆ ಕಣ್ಣು ಮಂಜಾಗಿ, ತಲೆ ಸಿಡಿಯತೊಡಗಿತು. ಅದೇ ಆಸ್ಪತ್ರೆಯ ಇನ್ನೊಂದು ಕತೆಯೂ ಕೇಳುವಂಥದ್ದು. ಅದರ ಹಿರಿಯ ವೈದ್ಯ ಶಿಗೆಯಾಕಿ ಹಿನೊಹಾರಾ ಹೊಸ ಕಟ್ಟಡ ಕಟ್ಟಿಸುವಾಗ ಪ್ರಾರ್ಥನಾ ಮಂದಿರದ, ಮೊಗಸಾಲೆಗಳ ಗೋಡೆಯೊಳಗೂ ಆಮ್ಲಜನಕದ ಕೊಳವೆ ಹಾಕಿಸಿದ್ದರು. ದುಂದುವೆಚ್ಚ ಎಂದು ಆಡಿಕೊಂಡವರಿದ್ದರು. ಆ ದಿನ ಮಂದಿರವೇ ವಾರ್ಡ್ ಆಯಿತು.

ರಕ್ಷಿಸಲು ಹೋಗುವವರ ಜೀವವೂ ಲೆಕ್ಕಕ್ಕೆ ಬರಬೇಕು. ಕಲ್ಯಾಣ ಪೂರ್ವದ ನೇತಿವಲಿಯಲ್ಲಿ 2018ರ ನವೆಂಬರ್ 1ರಂದು ಬಾವಿ ಶುಚಿ ಮಾಡಲು ಇಳಿದವರನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದು ಐವರು ಸತ್ತರು. ಇಬ್ಬರು ಅಗ್ನಿಶಾಮಕ ದಳದವರು. ಬಾವಿ, ಟ್ಯಾಂಕು, ಮೋರಿಯಲ್ಲಿ ಬಿದ್ದವರು ಅಲುಗಾಡದಿದ್ದರೆ ಇಳಿಯಬೇಡಿ, 101ಕ್ಕೆ ಫೋನ್ ಮಾಡಿ, ಗಾಳಿಯ ಸಿಲಿಂಡರ್ ಇರುವವರು ಬರಬೇಕೆಂದು ಸ್ಪಷ್ಟವಾಗಿ ಹೇಳಿ.

ಕಾರ್ಖಾನೆಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಇನ್ನೊಂದು ಕೆಲಸ. ಅವರು ದಿನವೂ ಮುಟ್ಟುವ ಡ್ರಮ್ಮುಗಳ ಲೇಬಲ್ಲಿನ ಫೋಟೊ ಅವರ ಫೋನಿನಲ್ಲೂ ಮನೆಯ ಒಂದು ಫೋನಿನಲ್ಲೂ ಇರಲಿ. ಪ್ರೋಬೇಸ್ ಸ್ಫೋಟದ ತನಿಖೆಯಲ್ಲಿ ಕೇಳಿಬಂದ ಪ್ರೊಪಾರ್ಜಿಲ್ ಕ್ಲೋರೈಡ್‌ನಂಥ ಹೆಸರು ಯಾರ ನಾಲಿಗೆಗೆ ಬಂದೀತು? ಯಾವ ವಿಷ ಎಂದು ತಿಳಿಯದೆ ವೈದ್ಯರು ಎಷ್ಟು ಅಸಹಾಯಕರಾಗುತ್ತಾರೆ ಎಂಬುದನ್ನು 1984ರ ಡಿಸೆಂಬರಿನ ಭೋಪಾಲದ ಹಮೀದಿಯಾ ಆಸ್ಪತ್ರೆ ತೋರಿಸಿದೆ. ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡ ದೊಡ್ಡ ಕಾರ್ಖಾನೆಗಳು ಸುತ್ತಲಿನ ಜನರಿಗೆ ಅಪಾಯದ ಮಾಹಿತಿ ಕೊಡಬೇಕೆಂದು 1989ರ ನಿಯಮಗಳೇ ಹೇಳುತ್ತವೆ. ಕೊಟ್ಟ ಕರಪತ್ರ ನಿಮ್ಮ ಸೊಸೈಟಿಯ ಬೋರ್ಡಿನಲ್ಲಿ ಇದೆಯೇ?

ಆಸ್ಪತ್ರೆಯ ಕೌಂಟರಿನಲ್ಲಿ

ಪ್ರಸವಕ್ಕೋ ಆಪರೇಷನ್ನಿಗೋ ಆಸ್ಪತ್ರೆ ನೋಡಲು ಹೋದಾಗ ದರದ ಜತೆಗೆ ಇವನ್ನೂ ಕೇಳಿ. ಜನರೇಟರ್ ಯಾವ ಮಹಡಿಯಲ್ಲಿದೆ? ನೆಲಮಾಳಿಗೆಯಲ್ಲಿ ಎಂದರೆ, ಉಲ್ಹಾಸ್ ತುಂಬಿದ ದಿನ ಐಸಿಯು ಎಷ್ಟು ಹೊತ್ತು ನಡೆಯುತ್ತದೆ? 2019ರ ಜುಲೈ 27ರಂದು ವಾಂಗಣಿಯ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಕ್ಕು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರತರಬೇಕಾಗಿತ್ತು. ಆ ನದಿಗೆ ಆಸ್ಪತ್ರೆ ಎಂಬ ರಿಯಾಯಿತಿ ಇಲ್ಲ. ಅಗ್ನಿಸುರಕ್ಷೆಯ 'ಫಾರ್ಮ್ ಬಿ' ಯಾವ ತಿಂಗಳಿನದು? ರಾಜ್ಯದ 2006ರ ಅಗ್ನಿಸುರಕ್ಷಾ ಕಾಯ್ದೆಯಂತೆ ಅದನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಸಲ್ಲಿಸಬೇಕು. ಎರಡನೇ ಮೆಟ್ಟಿಲು ಎಲ್ಲಿದೆ ಎಂದು ಕೇಳಿ, ಹೋಗಿ ನೋಡಿ. ಹಳೇ ಮಂಚ, ಔಷಧದ ಪೆಟ್ಟಿಗೆ ಪೇರಿಸಿದ್ದರೆ ಅದು ಮೆಟ್ಟಿಲಲ್ಲ, ಗೋದಾಮು.

ಆಮ್ಲಜನಕ ಎಷ್ಟು ಗಂಟೆಗೆ ಸಾಕಾಗುವಷ್ಟಿದೆ, ಮುಗಿಯುವ ಸುಳಿವು ಸಿಕ್ಕಾಗ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬ ಪ್ರಶ್ನೆಯನ್ನು 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಏನಾಯಿತೆಂದು ಓದಿದ ಕನ್ನಡಿಗರಿಗೆ ವಿವರಿಸಬೇಕಿಲ್ಲ. ಒಂದು ದಿನದೊಳಗೆ ಅಲ್ಲಿ 24 ರೋಗಿಗಳು ಸತ್ತರು.

ನಮ್ಮ ಭಾಗಕ್ಕೆ ವಿಶೇಷವಾದ ಪ್ರಶ್ನೆ ಸಿಬ್ಬಂದಿಯದು. ಇಲ್ಲಿನ ನರ್ಸುಗಳು, ವಾರ್ಡ್‌ಬಾಯ್‌ಗಳು ಬದ್ಲಾಪುರ, ಟಿಟ್ವಾಳಾ, ಆಸನಗಾಂವ್‌ನಿಂದ ಲೋಕಲ್‌ನಲ್ಲಿ ಬರುತ್ತಾರೆ. ಹಳಿಯ ಮೇಲೆ ನೀರು ನಿಂತರೆ ಬೆಳಗಿನ ಪಾಳಿ ಬರುವುದೇ ಇಲ್ಲ, ರಾತ್ರಿ ಪಾಳಿಯವರೇ ಮುಂದುವರಿಯಬೇಕು. ಅವರಿಗೆ ಊಟ, ಒರಗಲು ಜಾಗ, ಮನೆಗೊಂದು ಫೋನ್ ಇಷ್ಟಾದರೂ ಆಸ್ಪತ್ರೆ ಯೋಚಿಸಿದೆಯೇ? ಸಾಂಕ್ರಾಮಿಕ ಬಂದಾಗ ತನಗೆ ತಗಲೀತೆಂದು ಹೆದರಿ ವೈದ್ಯ ಕರ್ತವ್ಯ ಬಿಡಬಾರದು ಎಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ; ಸರಿ. ಕೈಗವಸು, ಮಾಸ್ಕ್, ವಿಶ್ರಾಂತಿ ಕೊಡುವ ಕರ್ತವ್ಯ ಆಡಳಿತದ್ದು.

ತುಂಬಿ ತುಳುಕುವ ಸರ್ಕಾರಿ ಆಸ್ಪತ್ರೆಯೇ ನಿಧಾನದ ಆಪತ್ತು. ಠಾಣೆ ಮಹಾಪಾಲಿಕೆಯ ಕಲ್ವಾ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಲ್ಲಿ 2023ರ ಆಗಸ್ಟ್ 12-13ರ 24 ಗಂಟೆಗಳಲ್ಲಿ 18 ರೋಗಿಗಳು ತೀರಿಕೊಂಡರು. 500 ಹಾಸಿಗೆಯ ಆಸ್ಪತ್ರೆ. ಜಿಲ್ಲಾ ಸಿವಿಲ್ ಆಸ್ಪತ್ರೆಯನ್ನು ಹೊಸದಾಗಿ ಕಟ್ಟಲು ತೆರವು ಮಾಡಿದ್ದರಿಂದ ಅಲ್ಲಿನ ಹೊರೆಯೂ ಇಲ್ಲಿಗೇ ಬಂದಿತ್ತು. ತುಂಬ ಗಂಭೀರ ಸ್ಥಿತಿಯಲ್ಲಿ ತಡವಾಗಿ ಬಂದವರು ಬಹಳ ಎಂದು ಆಡಳಿತ ಹೇಳಿತು. ಅದು ನಿಜವಿರಬಹುದು. ಅವರು ಕಲ್ವಾ ಮುಟ್ಟುವ ಮೊದಲು ಯಾವ ಬಾಗಿಲುಗಳಿಂದ ವಾಪಸಾದರು ಎಂದು ಕೇಳಬೇಕಲ್ಲವೇ?

ಠೇವಣಿ, ಪೊಲೀಸ್ ಕೇಸು, ಕಾಗದ

ಇಲ್ಲಿ ಕಾನೂನು ರೋಗಿಯ ಪಕ್ಕದಲ್ಲೇ ಇದೆ, ತಿಳಿದಿರಬೇಕಷ್ಟೇ. ಪೊಲೀಸರು ಬರಲಿ, ಕೇಸು ದಾಖಲಾಗಲಿ ಎಂದು ಚಿಕಿತ್ಸೆ ತಡೆಯುವಂತಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಪ್ರಜ್ಞೆ ಇಲ್ಲದವರ ಜೀವ ಉಳಿಸಲು ಸಹಿಗಾಗಿ ಕಾಯಬೇಕಿಲ್ಲ. ರಸ್ತೆ ಅಪಘಾತದ ಗಾಯಾಳುವನ್ನು ಕರೆತಂದವರು ಹೆಸರು ಕೊಡಬೇಕೆಂದು ಬಲವಂತವಿಲ್ಲ; ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಅವರನ್ನು ಕಾಯುತ್ತದೆ. ಟ್ರಸ್ಟಿನಿಂದ ನಡೆಯುವ ಧರ್ಮಾರ್ಥ ಆಸ್ಪತ್ರೆಗಳು ತುರ್ತು ರೋಗಿಯನ್ನು ಠೇವಣಿ ಕೇಳದೆ ಸೇರಿಸಿಕೊಂಡು ಸ್ಥಿತಿ ಸ್ಥಿರವಾಗುವವರೆಗೆ ನೋಡಬೇಕು; ಶೇ. 10ರಷ್ಟು ಹಾಸಿಗೆ ಬಡವರಿಗೆ ಉಚಿತ, ಇನ್ನು ಶೇ. 10 ರಿಯಾಯಿತಿಯದು. ನರ್ಸಿಂಗ್ ಹೋಮ್‌ಗಳಿಗೆ ಮಹಾರಾಷ್ಟ್ರ 2021ರಲ್ಲಿ ತಂದ ನಿಯಮದ ಪ್ರಕಾರ ದರಪಟ್ಟಿ ಮತ್ತು ರೋಗಿಯ ಹಕ್ಕುಗಳ ಸನದು ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು, ಬಿಲ್ಲಿಗಾಗಿ ಶವ ಹಿಡಿದಿಡುವಂತಿಲ್ಲ. ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಪರಿಹಾರದ ಹಣಕ್ಕೆ ಮುಂದೆ ಅಲೆಯುವಾಗ ಕೈಗೆ ಬರುವುದು ಅದೇ ಕಾಗದ. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಸಂಖ್ಯೆಯನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ವೈದ್ಯರ ಮೇಲೆ ಕೈ ಮಾಡಿದರೆ ಮೂರು ವರ್ಷದವರೆಗೆ ಜೈಲು ಎಂಬ ರಾಜ್ಯದ 2010ರ ಕಾಯ್ದೆಯೂ ಇದೆ. ಅದಕ್ಕಿಂತ ಮುಖ್ಯವಾಗಿ, ಗಲಾಟೆಯಾದ ಕ್ಯಾಷುವಾಲ್ಟಿಯ ಬಾಗಿಲು ನಿಮ್ಮ ಹಿಂದೆ ಬರುವ ಗಾಯಾಳುವಿಗೂ ಮುಚ್ಚುತ್ತದೆ.

ಹೆಸರಿಲ್ಲದವರು

ಅಮುದಾನ್ ಸ್ಫೋಟದ ನಂತರ ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆಯಲ್ಲಿ ಮನೆಯವರು ಗುರುತು ಸಿಗದ ದೇಹಗಳಿಗಾಗಿ ಡಿಎನ್ಎ ಪರೀಕ್ಷೆಗೆ ರಕ್ತ ಕೊಟ್ಟು ಕಾಯಬೇಕಾಯಿತು. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ 158 ಮಂದಿ ಸತ್ತಾಗಲೂ ಅದೇ ಕಾಯುವಿಕೆ. ಬೇಗ ಮುಗಿಸಿಬಿಡೋಣ ಎಂಬ ಒತ್ತಡ ಆಗ ಎಲ್ಲ ಕಡೆಯಿಂದ ಬರುತ್ತದೆ. ಉಂಗುರ ನೋಡಿ, ಅಂಗಿ ನೋಡಿ ಒಪ್ಪಿಕೊಳ್ಳುವ ಮನಸ್ಸಾಗುತ್ತದೆ. ಫಲಿತಾಂಶ ಬರುವವರೆಗೆ ಕಾಯಿರಿ. ತಪ್ಪು ದೇಹ ಒಯ್ದರೆ ಎರಡು ಮನೆಗಳಿಗೆ ಅನ್ಯಾಯ. ಗಾಯದಿಂದ ಸತ್ತವರ ದೇಹದಿಂದ ಊರಿಗೆ ರೋಗ ಹರಡುತ್ತದೆಂಬ ಭಯಕ್ಕೂ ಆಧಾರವಿಲ್ಲ.

ಯಾದಗಿರಿ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಹೋಟೆಲಿನ ಅಡುಗೆ ಮನೆಯಲ್ಲಿ ಮಲಗುವ ಹುಡುಗರು, ಇವರಿಗೆ ಗುರುತಿನ ಕಾಗದ ಊರಲ್ಲಿ, ಮೈ ಇಲ್ಲಿ. ಜೇಬಿನಲ್ಲೊಂದು ಚೀಟಿ ಸಾಕು: ಹೆಸರು, ರಕ್ತದ ಗುಂಪು, ಯಾವ ಮದ್ದು ಆಗದು, ಊರಿನ ಮತ್ತು ಇಲ್ಲಿನ ಒಂದೊಂದು ಫೋನ್ ನಂಬರು, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮುನ್ನ ಅದರಲ್ಲೇನಿದೆ ಎಂದು ಕನ್ನಡದಲ್ಲಿ ಹೇಳುವವರು ಬೇಕು. ಡೊಂಬಿವಲಿ ಕರ್ನಾಟಕ ಸಂಘದಂಥ ನಮ್ಮ ಸಂಘಗಳು ಯಕ್ಷಗಾನಕ್ಕೆ ಕಾರ್ಯಕರ್ತರನ್ನು ಕೂಡಿಸುವ ಹಾಗೆ, ರಾತ್ರಿ ಫೋನ್ ಎತ್ತಬಲ್ಲ ಹತ್ತು ಮಂದಿ ದುಭಾಷಿಗಳ ಪಟ್ಟಿ ಮಾಡಿ ಶಾಸ್ತ್ರಿನಗರಕ್ಕೂ ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗೂ ಕೊಟ್ಟರೆ ಎಷ್ಟೋ ಉಪಕಾರ.

ಗಾಯಾಳುಗಳ ಫೋಟೊ ವಾಟ್ಸಾಪಿಗೆ ಹಾಕಬೇಡಿ. 2021ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮೊದಲ ಒಮಿಕ್ರಾನ್ ರೋಗಿ ಡೊಂಬಿವಲಿಯವರು ಎಂದು ಗೊತ್ತಾದಾಗ ಅವರು ಯಾರು, ಯಾವ ಕಟ್ಟಡ ಎಂಬ ಕುತೂಹಲಕ್ಕೆ ಮಿತಿ ಇರಲಿಲ್ಲ. ಹೆಸರು ಬಯಲಾಗುತ್ತದೆಂದು ಹೆದರಿದ ರೋಗಿ ಆಸ್ಪತ್ರೆಗೇ ಬರುವುದಿಲ್ಲ.

ಮನೆಯ ಮಟ್ಟಿಗೆ: ಡಯಾಲಿಸಿಸ್ ರೋಗಿ ಇದ್ದರೆ ಹಳಿಯ ಎರಡೂ ಬದಿಯ ಒಂದೊಂದು ಕೇಂದ್ರದ ನಂಬರು ಇಟ್ಟುಕೊಳ್ಳಿ, ಸೇತುವೆ ಮುಳುಗಿದರೆ ಕೆಲಸಕ್ಕೆ ಬರುತ್ತದೆ. ಆಕ್ಸಿಜನ್ ಯಂತ್ರದವರು ಒಂದು ತುಂಬಿದ ಸಿಲಿಂಡರ್ ಜತೆಗಿಡಲಿ. ನೆರೆ ನೀರಿನಲ್ಲಿ ನಡೆದವರು, ಅದರಲ್ಲೂ ಕಾಲಿಗೆ ಗಾಯವಿದ್ದವರು, ಇಲಿಜ್ವರ ತಡೆಯುವ ಮಾತ್ರೆಗಾಗಿ 72 ಗಂಟೆಯೊಳಗೆ ವೈದ್ಯರನ್ನು ಕಾಣಲಿ. ಗರ್ಭಿಣಿಯರು, ಮಕ್ಕಳು ತಾವಾಗಿ ನುಂಗಬಾರದು. 2005ರ ಮಳೆಯ ನಂತರ ಮುಂಬಯಿ ಸುತ್ತ ಈ ಜ್ವರ ಎಷ್ಟೋ ಜನರನ್ನು ಒಯ್ದಿತ್ತು. ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112, ಜಿಲ್ಲಾ ಆಪತ್ತು ನಿಯಂತ್ರಣ ಕೊಠಡಿಗೆ 1077, ರೈಲಿನಲ್ಲಿದ್ದರೆ 139.

ದೂರು ಇದ್ದರೆ ನರ್ಸಿಂಗ್ ಹೋಮ್ ನೋಂದಣಿ ಮಾಡುವ ಮಹಾಪಾಲಿಕೆಯ ಆರೋಗ್ಯ ವಿಭಾಗಕ್ಕೆ, ವೈದ್ಯರ ನಡತೆಯ ಬಗ್ಗೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ಗೆ, ಟ್ರಸ್ಟ್ ಆಸ್ಪತ್ರೆಯ ವಿಷಯಕ್ಕೆ ಧರ್ಮಾದಾಯ ಆಯುಕ್ತರಿಗೆ ಬರೆಯಿರಿ. ದೂರಿಲ್ಲದಿದ್ದರೂ ಒಂದು ಅರ್ಜಿ ಬರೆಯಬಹುದು: ನಮ್ಮ ವಾರ್ಡಿನ ಆಸ್ಪತ್ರೆಗಳು ಕೊನೆಯ ಸಲ ಅಣಕು ಕಾರ್ಯಾಚರಣೆ ನಡೆಸಿದ್ದು ಯಾವಾಗ ಎಂದು ಮಾಹಿತಿ ಹಕ್ಕಿನಡಿ ಮಹಾಪಾಲಿಕೆಯನ್ನು ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಬರಬೇಕು. ಏಪ್ರಿಲ್‌ನಲ್ಲಿ ಹಾಕಿದರೆ ಮಳೆಗೆ ಮೊದಲೇ ಕೈಗೆ ಸಿಗುತ್ತದೆ.